ಮುಸಫ್ಫಾದಿಂದ ಊರ ಸುದ್ದಿ

ನನ್ನ ರೂಮ್‌ಮೇಟ್ ಅಬುಧಾಬಿಯ ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಸ್ಟೋರ್‌ಕೀಪರ್ ಆಗಿದ್ದ. ಜೊತೆಗೆ ಉಡುಪಿ ಕಡೆಯ ಸಣ್ಣ ವಾರಪತ್ರಿಕೆಯೊಂದಕ್ಕೆ ತನ್ನ ಊರಿನ ಬಾತ್ಮೀದಾರನೂ ಆಗಿದ್ದ. ಆ ಊರ ಸುದ್ದಿಯ ಅಂಕಣವನ್ನು ಪತ್ರಿಕೆ ಶುರುವಾದಂದಿನಿಂದ ತಾನು ಸಾಯುವವರೆಗೂ ಬರೆದವನು ಅವನ ಅಪ್ಪ. ತಾನು ಅಬುಧಾಬಿಗೆ ಬಂದದ್ದು ಸಂಪಾದಕರಿಗೆ ಗೊತ್ತಾದರೆ ಅಂಕಣ ಕೈತಪ್ಪುತ್ತದೆಂಬ ಹೆದರಿಕೆಯಿಂದ, ಪ್ರತಿ ವಾರ ಅಮ್ಮನಿಗೆ ಫೋನ್ ಮಾಡಿ ಸುದ್ದಿ ಕೇಳಿ, ಕಣ್ಣಾರೆ ಕಂಡವನಂತೆ ಬರೆದು ಇಮೇಲ್ ಮಾಡುತ್ತಿದ್ದ.

ಎಲ್ಲರ ದನಿ ಅಣಕಿಸುವುದು ನನ್ನ ಚಾಳಿ. ನನ್ನ ಸ್ವಂತ ದನಿ ಯಾವುದೆಂದು ನನಗೇ ಅನುಮಾನ. ಸಂಪಾದಕರ ಗೊಗ್ಗರು ದನಿಯನ್ನು ಅವನ ಫೋನಿನ ಸ್ಪೀಕರಿನಲ್ಲಿ ಕೇಳಿ ಕಲಿತಿದ್ದೆ. ಒಂದು ಶುಕ್ರವಾರ ಮಧ್ಯಾಹ್ನ ಪಕ್ಕದ ಕೋಣೆಯಿಂದ ಅವನಿಗೆ ನನ್ನ ನಂಬರ್ ಕಾಣಿಸದ ನೆಟ್‌ಕಾಲ್ ಮಾಡಿ ಗದರಿದೆ: "ಎಂತ ಮಾರಾಯ, ನಿಮ್ಮೂರಿನ ತೋಡು ದಾಟುವ ಸಂಕ ಮುರಿದಿದೆಯಂತೆ. ಈಗಲೇ ಹೋಗಿ ನೋಡು!"

ಆಚೆಯಿಂದ ಅವನ ದನಿ ಬಂತು: "ಸರ್, ತಪ್ಪಾಯ್ತು. ನಾನು ಊರಲ್ಲಿಲ್ಲ. ಅಪ್ಪನ ಅಂಕಣ ಮಾತ್ರ ನಿಲ್ಲಿಸಬೇಡಿ."

ನನ್ನ ನಗು ಅಲ್ಲೇ ಖಲಾಸ್. ಓಡಿಹೋಗಿ ಕ್ಷಮೆ ಕೇಳಿದೆ. ಅವನು ಬೈಯಲಿಲ್ಲ. "ಹೇಗೂ ಬಾಯಿ ಬಿಟ್ಟಾಯ್ತಲ್ಲ" ಎಂದು ನಿಜವಾದ ಸಂಪಾದಕರಿಗೇ ಫೋನ್ ಮಾಡಿ ಎಲ್ಲ ಹೇಳಿದ.

"ನೀನು ವಿಮಾನ ಹತ್ತಿದ ವಾರವೇ ಗೊತ್ತಾಗಿದೆ ಮಾರಾಯ," ಎಂದರು ಅವರು. "ಇಲ್ಲಿರುವವರಿಗೆ ಪಕ್ಕದ ಮನೆಯವನ ಒತ್ತುವರಿ ಬರೆಯಲಿಕ್ಕೆ ಹೆದರಿಕೆ. ನೀನು ದೂರ ಇದ್ದಿಯಲ್ಲ, ಧೈರ್ಯವಾಗಿ ಬರೀತಿ. ಬುಧವಾರದೊಳಗೆ ಕಳಿಸು."

ಅವನು ಅಲ್ಲೇ ಕೂತು ಅಮ್ಮನಿಗೆ ಫೋನ್ ಹಚ್ಚಿ, ನೆರೆಮನೆಯ ಬೇಲಿ ಎಷ್ಟು ಮುಂದೆ ಬಂದಿದೆಯೆಂದು ಕೇಳತೊಡಗಿದ. ಪಾತ್ರೆ ತೊಳೆಯುವ ಸರದಿ ಅವನದಾಗಿತ್ತು; ನಾನೇ ತೊಳೆದೆ.