ಕಾಣುವ ಅಂಗಡಿಯ ಬಾಡಿಗೆ

ಬ್ಯಾಗು ರಿಪೇರಿ ಮಾಡುವ ಆಕೆಯನ್ನು ಎಲ್ಲರೂ ಜಿಪ್ಪಕ್ಕ ಎಂದೇ ಕರೆಯುತ್ತಿದ್ದರು. ಹನ್ನೊಂದು ವರ್ಷ ಬಾಡಿಗೆ ಮನೆಯ ಜಗಲಿಯಲ್ಲೇ ಮೆಷಿನ್ ಇಟ್ಟುಕೊಂಡು, ಹಲ್ಲುದುರಿದ ಜಿಪ್ಪು, ಕಿತ್ತುಬಂದ ಹಿಡಿಗಳನ್ನು ಸರಿಮಾಡಿಕೊಡುತ್ತಿದ್ದಳು. ಆ ಮನೆ ಕೆಡವುತ್ತಾರೆಂದು ಗೊತ್ತಾದಾಗ ಅಂಗಡಿ ಹುಡುಕಲೇಬೇಕಾಯಿತು.

ಸಿಕ್ಕಿದ್ದು ಎರಡು. ಒಂದು ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆ. ಬಾಡಿಗೆ ಅಗ್ಗ, ಆದರೆ ಹುಡುಕಿಕೊಂಡು ಬಂದವರಿಗೂ ಕಾಣದು. ಇನ್ನೊಂದು ಬಸ್ ನಿಲ್ದಾಣದ ಎದುರಿನ ಮಳಿಗೆ. ಬಾಡಿಗೆ ಮೂರು ಪಟ್ಟು. ಜಿಪ್ಪಕ್ಕ ಎರಡು ದಿನ ನಿಲ್ದಾಣದ ಬೆಂಚಿನ ಮೇಲೆ ಕೂತು, ಇಳಿದವರ ಮುಖ ಬಿಟ್ಟು ಚೀಲಗಳನ್ನಷ್ಟೇ ನೋಡಿದಳು. ಕೆಲವಕ್ಕೆ ಪಿನ್ನು ಚುಚ್ಚಿತ್ತು, ಕೆಲವಕ್ಕೆ ಹಗ್ಗ ಬಿಗಿದಿತ್ತು, ಇನ್ನು ಕೆಲವು ಬಾಯಿ ಮುಚ್ಚದೆ ಒಳಗಿನ ಟವೆಲ್ಲು ತೋರಿಸುತ್ತಿದ್ದವು. ಅವನ್ನೆಲ್ಲ ಹೊಲಿಯಲು ಆಕೆಯ ಕೈ ತುಡಿಯಿತು.

"ಅಷ್ಟು ಬಾಡಿಗೆ ಕೊಟ್ರೆ ನಿನಗೇನು ಉಳಿಯುತ್ತೆ ಅಕ್ಕ?" ಎಂದಳು ತಂಗಿ.

"ಕಂಡ್ರೆ ತಾನೇ ಜನ ಬರೋದು? ಕಾಣೋದಕ್ಕೇ ಕಣೇ ಅಷ್ಟು ಕೊಡ್ತಿರೋದು."

ಮಳಿಗೆಯ ಮಾಲೀಕನೂ, "ಬಸ್ಸಿಳಿದವರ ಕಣ್ಣು ಮೊದಲು ಬೀಳೋದೇ ನಿಮ್ಮ ಅಂಗಡಿ ಮೇಲೆ ಅಮ್ಮ" ಎಂದು ಬಾಯ್ತುಂಬ ಹೇಳಿದ.

ನಾಲ್ಕು ತಿಂಗಳು ಕೆಲಸ ಕೈತುಂಬ ಇತ್ತು. ಐದನೆಯ ತಿಂಗಳು, ಒಂದು ಬೆಳಿಗ್ಗೆ ಬಂದು ನೋಡುತ್ತಾಳೆ, ಅಂಗಡಿಯೇ ಇಲ್ಲ! ಅದರ ಮುಂದೆ ಆಳೆತ್ತರ ಮೀರಿದ ಜಾಹೀರಾತು ಫಲಕ. ಹೊಸ ಮನೆಯ ಮುಂದೆ ನಿಂತು ನಗುವ ಸಂಸಾರದ ಚಿತ್ರ. ಪಕ್ಕದ ಸಂದಿಯಲ್ಲಿ ಮೈ ಓರೆಮಾಡಿ ನುಗ್ಗಿದರಷ್ಟೇ ಬಾಗಿಲು. ಒಳಗೆ ನಡುಮಧ್ಯಾಹ್ನವೂ ದೀಪ ಹಾಕದೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ.

ಮಾಲೀಕನ ಬಳಿ ಹೋದರೆ ಆತ ತಲೆಯೆತ್ತದೆ ಹೇಳಿದ: "ಮುಂದಿನ ಜಾಗ ಜಾಹೀರಾತಿನವರಿಗೆ ಕೊಟ್ಟಿದೀನಿ. ನಿಮಗೆ ಬಾಡಿಗೆಗೆ ಕೊಟ್ಟಿರೋದು ಅಂಗಡಿ ಅಮ್ಮ, ರಸ್ತೆ ಅಲ್ಲ."

ಜಿಪ್ಪಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಜಾಗವನ್ನು ಕಾಣಿಸುವುದಕ್ಕೆಂದು ತನಗೆ ಕೊಟ್ಟು, ಮುಚ್ಚುವುದಕ್ಕೆಂದು ಇನ್ನೊಬ್ಬರಿಗೆ ಕೊಟ್ಟು, ಇಬ್ಬರ ಹತ್ತಿರವೂ ದುಡ್ಡು ಎಣಿಸಿಕೊಂಡವನು! ಮರುದಿನ ತಂಗಿಯನ್ನೂ ಜೊತೆಗೆ ಕರೆದು, ಮೆಷಿನ್ ಬಿಚ್ಚಿ ಆ ಸಂದಿಯಿಂದಲೇ ಹೊರಗೆ ತಂದಳು. ಫಲಕದ ಮುಂದೆಯೇ ಹೂಡಿ ಕೂತಳು. ಹರಿದ ಚೀಲಗಳನ್ನು ಆ ನಗುವ ಸಂಸಾರದ ಕಾಲಬುಡಕ್ಕೇ ರಾಶಿ ಹಾಕಿದಳು. ಯಾಕಮ್ಮ ಇಲ್ಲಿ ಕೂತಿದೀರಿ ಎಂದು ಕೇಳಿದವರಿಗೆಲ್ಲ, ಹೊಲಿಗೆ ನಿಲ್ಲಿಸದೆ, ನಡೆದದ್ದನ್ನು ಗಟ್ಟಿಯಾಗಿ ಹೇಳಿದಳು.

ಮೂರನೆಯ ದಿನ ಜಾಹೀರಾತಿನವರು ಫಲಕದ ಫೋಟೋ ತೆಗೆಯಲು ಬಂದು ತಲೆ ಮೇಲೆ ಕೈಯಿಟ್ಟುಕೊಂಡರು. ಮಾಲೀಕ ಓಡಿಬಂದ.

"ಬೀದೀಲಿ ನನ್ನ ಮಾನ ತೆಗೀತಿದೀರಲ್ಲಮ್ಮ! ಒಳಗೆ ಕೂತ್ಕೊಳಿ."

"ಬೋರ್ಡು ತೆಗೀರಿ, ಕೂತ್ಕೊಳ್ತೀನಿ. ಇಲ್ಲಾಂದ್ರೆ ನನ್ನ ಅಡ್ವಾನ್ಸ್ ಪೂರ್ತಿ ಕೊಡಿ."

ಅದರಲ್ಲಿ ಸುಣ್ಣಬಣ್ಣದ ಖರ್ಚು ಹಿಡಿದುಕೊಳ್ಳಬೇಕೆಂದು ಆತ ರಾಗ ಎಳೆದ. ಸುತ್ತ ನಿಂತವರ ಮುಖ ನೋಡಿ ಪೂರ್ತಿ ಎಣಿಸಿಕೊಟ್ಟ. ಬೋರ್ಡು ಮಾತ್ರ ಅಲ್ಲಾಡಲಿಲ್ಲ.

ಜಿಪ್ಪಕ್ಕ ಇನ್ನೂ ಖಾಲಿಯಿದ್ದ ಗಲ್ಲಿಯ ಕೋಣೆಗೇ ಹೋದಳು. ಮೊದಲ ತಿಂಗಳು ನೊಣ ಹೊಡೆಯುತ್ತ ಕೂರಬೇಕಾಯಿತು. ಆಮೇಲೆ, ಬೀದಿಯಲ್ಲಿ ಆಕೆಯ ಜಗಳ ಕೇಳಿದವರೇ ದಾರಿ ವಿಚಾರಿಸಿಕೊಂಡು ಒಬ್ಬೊಬ್ಬರಾಗಿ ಬಂದರು.

"ಒಳ್ಳೇದೇ ಆಯ್ತು ಬಿಡಕ್ಕ, ಬಾಡಿಗೆನಾದ್ರೂ ಉಳೀತು" ಎಂದಳು ತಂಗಿ ಒಂದು ದಿನ.

ಜಿಪ್ಪಕ್ಕ ಮೆಷಿನ್ ನಿಲ್ಲಿಸಿದಳು. "ನಾನು ಹೇಗೋ ಬದುಕ್ಕೊಂಡೆ ಅಂದ್ರೆ ಅವನು ಮಾಡಿದ್ದು ಸರಿ ಆಗ್ಬಿಡುತ್ತಾ?"