ಶಟ್ಟೆವ್ವನ ತವರಿನ ಕೋಳಿಗಳು

ಪ್ಲೇಗಿಗೆ ಹೆದರಿ ಹೊಲದ ಗುಡಿಸಲುಗಳಿಗೆ ಹೋಗಿದ್ದ ಹೂಲಿಯ ಜನ ಊರೊಳಗೆ ಮರಳಿದ ವರ್ಷ, ಶಟ್ಟೆವ್ವನ ಸಂಸಾರದ ಹಿಂದೆ ಅವಳ ಕೋಳಿಗಳೂ ಬಂದವು. ಮದುವೆಯಲ್ಲಿ ಸಂಗೊಳ್ಳಿಯ ತಾಯಿ ಬುಟ್ಟಿಯಲ್ಲಿಟ್ಟು ಕಳಿಸಿದ್ದ ಒಂದು ಹೇಂಟೆಯ ಸಂತತಿ ಅವು. ತಾಯಿ ತೀರಿಹೋಗಿ ಬಹಳ ವರ್ಷವಾಗಿತ್ತು. ತವರಿನದು ಎಂದು ಅವಳಿಗೆ ಉಳಿದದ್ದು ಆ ಕೋಳಿಗಳಷ್ಟೆ. ಗಂಡನನ್ನು ಕರೆದರೆ ಅರ್ಧ ಓಣಿ ತಿರುಗಿ ನೋಡುವಂಥ ದನಿ ಶಟ್ಟೆವ್ವನದು. ಕೋಳಿಗಳನ್ನು ಕರೆಯುವಾಗ ಮಾತ್ರ ಬಾಣಂತಿಯ ಕೋಣೆಯಲ್ಲಿ ಮಾತಾಡಿದ ಹಾಗೆ ಮೆತ್ತಗಾಗುತ್ತಿದ್ದಳು.

ಬಯಲಲ್ಲಿ ಬೆಳೆದ ಕೋಳಿಗಳಿಗೆ ಗೋಡೆ ಯಾವ ಲೆಕ್ಕ? ಹಿತ್ತಲ ಗೋಡೆಯ ಆಚೆ ಯಮುನಾಬಾಯಿಯವರ ಮನೆ. ಅಲ್ಲಿ ಗಳದ ಮೇಲೆ ಒಣಗುವ ಮಡಿಸೀರೆಯನ್ನು ಅವರ ಮಕ್ಕಳೂ ಮುಟ್ಟುವಂತಿರಲಿಲ್ಲ. ಕೆಂಪಿ ಎಂಬ ಕೋಳಿ ಹಾರಿಹೋಗಿ ಅದರ ಮೇಲೆಯೇ ಕೂತಿತು.

"ಶಟ್ಟೆವ್ವಾ, ಇವತ್ತ ಎರಡನೇ ಸಲ ಸೀರಿ ತೋಯಿಸಿ ಹಾಕೀನಿ. ದೇವರೂ ಉಪಾಸ ಕೂತಾನ, ನಮ್ಮನಿಯವರೂ ಕೂತಾರ. ಇನ್ನೊಮ್ಮೆ ಇದು ಈಕಡೆ ಬಂದ್ರ ಅಷ್ಟೂ ಕೋಳಿ ಸವದತ್ತಿ ಸಂತಿಗೆ ಹೋಗಬೇಕು ನೋಡು" ಎಂದರು ಯಮುನಾಬಾಯಿ.

"ಆತ್ರಿ ಬಾಯಾರ" ಎಂದಳು ಶಟ್ಟೆವ್ವ. ಅವಳ ಮನೆ ನಿಂತ ಜಾಗ ಅವರದು, ಬೇರೆ ಏನು ಹೇಳಿಯಾಳು?

ಗಂಡ ಬೀರಪ್ಪ ಕುರಿ ಕಾಯುವವ. ಉಣ್ಣೆ ಕತ್ತರಿಸುವುದರಲ್ಲಿ ಅವನ ಕೈ ಊರಿಗೇ ಗೊತ್ತು. "ರೆಕ್ಕಿ ಕತ್ತರಿಸಿಬಿಡೂಣು" ಎಂದ.

"ಕಾಡಬೆಕ್ಕ ಬಂದ್ರ ಬೇವಿನ ಗಿಡಾ ಹೆಂಗ ಏರತಾವ? ನೀವು ಹೆಗಲ ಮ್ಯಾಲೆ ಹೊತಗೊಂಡು ಏರತೀರೇನು?"

"ಹೊತ್ತು ಮುಣಗೂದ್ರಾಗ ಒಳಗ ತಂದು ಬುಟ್ಟಿ ಮುಚ್ಚು."

"ಕೋಳಿ ಒಳಗ ಬಂದ್ರ ನಾ ಹೊರಗ ಅಂದಾವ್ರು ಯಾರೋ ಇದ್ರು."

"ಕಂಬಳಿ ಐತಿ, ಹೊರಗ ಮಲಗತೇನಿ ತಗೋ. ಬರೇ ಗರಿ, ನೋವಾಗಂಗಿಲ್ಲ. ಉಣ್ಣಿಗತೆ ಮತ್ತ ಬೆಳೀತಾವ."

ಶಟ್ಟೆವ್ವ ಕೆಂಪಿಯನ್ನು ಹಿಡಿದುಕೊಟ್ಟು ಮುಖ ತಿರುಗಿಸಿದಳು. ಬೀರಪ್ಪ ಎಡಕ್ಕೆಷ್ಟೋ ಬಲಕ್ಕೂ ಅಷ್ಟೇ, ಒಂದೆಳೆ ಹೆಚ್ಚು ಕಡಿಮೆ ಇಲ್ಲದಂತೆ ಕತ್ತರಿಸಿದ. ಒಂದು ಪಕ್ಕ ಉಳಿಸಿ ಕುರಿಯನ್ನು ಹಿಂಡಿಗೆ ಬಿಟ್ಟ ಜನ್ಮವಲ್ಲ ಅವನದು. ಕೆಂಪಿ ಮೈ ಕೊಡವಿ, ನಾಲ್ಕು ಹೆಜ್ಜೆ ಓಡಿ, ಪಟಪಟ ಬಡಿದು ನೆಟ್ಟಗೆ ಗೋಡೆ ಏರಿ ಕೂತಿತು. ಆಚೆ ಸೀರೆ ಒಣಗುತ್ತಿತ್ತು. ಶಟ್ಟೆವ್ವ ಗೋಡೆಯ ಬುಡಕ್ಕೆ ಓಡಿದಳು. ಜೋಳ ಚೆಲ್ಲಿ, ಮೆತ್ತಗೆ ಬಾ ಬಾ ಎಂದು ಅಂಗಲಾಚಿದ ಮೇಲೆ ಅದು ಈಚೆಗೆ ಇಳಿಯಿತು.

"ಇನ್ನೀಟು ಗಿಡ್ಡ ಮಾಡಬೇಕು" ಎನ್ನುತ್ತ ಬೀರಪ್ಪ ಮತ್ತೊಂದನ್ನು ಹಿಡಿದ. ಅದು ಜೋರಿನದು. ಒಂದು ರೆಕ್ಕೆ ಮುಗಿಯುವಷ್ಟರಲ್ಲಿ ಅವನ ಹೆಬ್ಬೆರಳು ಕುಕ್ಕಿ ತಪ್ಪಿಸಿಕೊಂಡಿತು. ಗೋಡೆಗೆ ಜಿಗಿಯಿತು, ಒಂದು ಕಡೆ ವಾಲಿತು, ಗಿರ್ರನೆ ತಿರುಗಿ ಹೊಟ್ಟಿನ ಗುಂಪಿಯಲ್ಲಿ ಬಿತ್ತು. ಎದ್ದು ಮತ್ತೆ ಜಿಗಿದು ಮತ್ತೆ ಅಲ್ಲಿಯೇ ಬಿತ್ತು.

"ಹಿಡಿ ಅದನ್ನ, ಇನ್ನೊಂದು ಪಕ್ಕಾ ಉಳದೈತಿ."

"ಮುಟ್ಟಬ್ಯಾಡ್ರಿ. ಒಂದ ರೆಕ್ಕಿಗೆ ಗೋಡಿ ಹತ್ತವಲ್ದು, ನೋಡ್ರಿ. ಎಲ್ಲಾಕ್ಕೂ ಹಿಂಗ ಮಾಡ್ರಿ. ಕೆಂಪೀದೂ ಒಂದ ಕಡಿ ಇನ್ನೀಟು ಗಿಡ್ಡ ಮಾಡ್ರಿ."

"ಅರ್ಧಾ ಕೆಲಸಾ ನೋಡಿದ ಮಂದಿ ಏನಂದಾರು?"

"ಕೋಳಿ ಉಳದ್ವು ಅಂದಾರು."

ಅವನು ಬೇವು ಜಗಿದ ಮೋರೆ ಮಾಡಿಕೊಂಡು ಒಂದೊಂದಕ್ಕೂ ಒಂದೇ ರೆಕ್ಕೆ ಕತ್ತರಿಸಿದ. ಗೋಡೆಯ ಆಚೆಯಿಂದ ನಗು ಕೇಳಿಸಿತು. ಯಮುನಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು.

"ಏನೋ ಬೀರಪ್ಪಾ, ಶಟ್ಟೆವ್ವ ಅರ್ಧಾ ಕೂಲಿ ಅಷ್ಟ ಕೊಟ್ಟಾಳೇನು?"

ಬೀರಪ್ಪ ಕತ್ತರಿಯನ್ನು ಧೋತರದಲ್ಲಿ ಮುಚ್ಚಿಕೊಂಡ.

ಮರುದಿನ ಸೀರೆ ಒಂದೇ ಸಲಕ್ಕೆ ಒಣಗಿತು, ದೇವರ ಪೂಜೆ ಹೊತ್ತಿಗೆ ಸರಿಯಾಗಿ ಆಯಿತು. ಯಮುನಾಬಾಯಿ ಗೋಡೆಯ ಹತ್ತಿರ ಬಂದು, "ಸಂತಿ ಮಾತು ಬಿಟ್ಟೆ ತಗೋ ಶಟ್ಟೆವ್ವಾ. ಇವು ಬೀಳೂದನ್ನ ನೋಡಿ ನಮ್ಮನಿಯವರಿಗೆ ಊಟಾ ಚೊಲೋ ಸೇರಲಿಕ್ಕೆ ಹತ್ತೇದ" ಎಂದರು.

ಶಟ್ಟೆವ್ವ ನಕ್ಕ ನಗುವಿಗೆ ಓಣಿಯ ಮಂದಿಯೆಲ್ಲ ಹಿತ್ತಲಿಗೆ ಬಂದು, ಒಂದು ಬದಿ ಬೋಳಾದ ಕೋಳಿಗಳನ್ನು ಕಂಡು ತಾವೂ ನಗತೊಡಗಿದರು. ಬೀರಪ್ಪ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳುತ್ತಿದ್ದ: "ನನ್ನ ಕೈ ಅಲ್ರಪಾ ಇದು. ಇಕೀನ ಕತ್ತರಿಸ್ಯಾಳ."