ಅಕ್ಕಸಾಲಿಗನ ತಕ್ಕಡಿಯಲ್ಲಿ ಪಿಸ್ಟನ್

ಗೆಳೆಯರೇ, ಮನೆಯಲ್ಲೇ ಬಿಚ್ಚಿ ಕಟ್ಟುತ್ತಿರುವ ಮಾವನವರ ಹಳೆಯ ಕಾರಿನ ಎಂಜಿನ್ ನಡುಗದೆ ಓಡಬೇಕಾದರೆ ನಾಲ್ಕೂ ಪಿಸ್ಟನ್ ಒಂದೇ ತೂಕವಿರಬೇಕು. ಅಡುಗೆಮನೆಯ ತಕ್ಕಡಿಗೆ ಅಷ್ಟು ಸೂಕ್ಷ್ಮ ತಿಳಿಯದು. ಇವತ್ತು ಬೆಂಜ್ ಸರ್ಕಲ್ ಬಳಿಯ ಅಕ್ಕಸಾಲಿಗನಲ್ಲಿಗೆ ಹೊರಟೆ. ಚಿನ್ನದಂಗಡಿ ಎಂದದ್ದೇ ತಡ, ಹೆಂಡತಿ ರೇಷ್ಮೆ ಸೀರೆ ಉಟ್ಟು ಸ್ಕೂಟರ್ ಹತ್ತಿದಳು.

ನಾನು ಚೀಲದಿಂದ ಪಿಸ್ಟನ್ ತೆಗೆದಾಗ ಅವಳ ಮುಖ ನೋಡಬೇಕಿತ್ತು.

ಒಂದು ಪಿಸ್ಟನ್ ಮೂರು ಗ್ರಾಂ ಹೆಚ್ಚಿತ್ತು. ಆಚಾರಿ ಒಳಬದಿಯನ್ನು ಅರದಿಂದ ಉಜ್ಜಿ ಸರಿದೂಗಿಸಿದ. ಉದುರಿದ ಪುಡಿಯನ್ನು ಕುಂಚದಿಂದ ಗುಡಿಸಿ ಪೊಟ್ಟಣ ಕಟ್ಟಿದ.

“ಬರೀ ಅಲ್ಯೂಮಿನಿಯಂ ಮಾರಾಯಾ, ಬಿಸಾಕು” ಎಂದೆ.

“ಲೇದಂಡಿ, ಗಿರಾಕಿ ಮಾಲು ಅಂಗಡೀಲಿ ಉಳೀಬಾರದು” ಎಂದು ತೆಲುಗು ಆಚಾರಿ ತಲೆಯಾಡಿಸಿ ಬೇಡವೆಂದ.

ಹೆಂಡತಿ ಪೊಟ್ಟಣವನ್ನು ಕಿತ್ತು ಪರ್ಸಿಗೆ ಹಾಕಿಕೊಂಡಳು. “ಮದುವೆಯಾದ ಮೇಲೆ ನಿಮ್ಮ ಜೊತೆ ಚಿನ್ನದಂಗಡಿಯಿಂದ ಬರಿಗೈಲಿ ಬರದೇ ಇದ್ದದ್ದು ಇವತ್ತೇ ಕಣ್ರೀ.”

ಎಂಜಿನ್ ಇನ್ನು ನಡುಗುವುದಿಲ್ಲ. ನನ್ನ ವಿಷಯ ಹೇಳಲಾರೆ.